ಡೇಟಾ ಬೇಕಾ ಸಾರ್?

ಕಂಪ್ಯೂಟರ್ ಪೂರ್ತಿ ಕೆಟ್ಟುಹೋದರೆ ಅದೊಂದು ನಿಶ್ಚಿಂತೆ. ಬದುಕದೆ ಸಾಯದೆ, ಹತ್ತು ನಿಮಿಷ ನೆಟ್ಟಗೆ ನಡೆದು ತಟ್ಟನೆ ಆರಿಹೋಗುವ ಕಂಪ್ಯೂಟರ್ ಇದೆಯಲ್ಲ, ಅದು ಮನೆಮಂದಿಯನ್ನೆಲ್ಲ ಪಂಡಿತರನ್ನಾಗಿಸುತ್ತದೆ.

ನಮ್ಮನೆಯಲ್ಲಿ ಆದದ್ದೂ ಅದೇ. ಮಾವನವರು ಕನ್ನಡಕ ಸರಿಮಾಡಿಕೊಂಡು "ವೈರಸ್ಸು" ಎಂದರು. ಮಗ ಜಾಮೆಟ್ರಿ ಬಾಕ್ಸಿನಿಂದ ರಬ್ಬರ್ ತಂದು, "ರ‍್ಯಾಮ್ ತೆಗೆದು ಉಜ್ಜಬೇಕು" ಎಂದ. ಲೈನ್‌ಮನ್ ಆಗಿ ನಿವೃತ್ತರಾದ ಪಕ್ಕದ ಮನೆಯವರು ಗೋಡೆಯ ಪ್ಲಗ್ಗನ್ನು ದಿಟ್ಟಿಸಿ, "ಅರ್ಥಿಂಗ್ ಸರಿಯಿಲ್ಲ ಬಿಡಿ" ಎಂದರು. ಅಮ್ಮ ಮಾತ್ರ, "ಮುಟ್ಟಿದರೆ ಕೆಂಡ ಆಗಿದೆಯಲ್ಲೋ, ಸ್ವಲ್ಪ ಸುಧಾರಿಸಿಕೊಳ್ಳಲಿ ಬಿಡು" ಎಂದಳು.

ವಿದ್ಯೆಗೆ ಬೆಲೆ ಕೊಡುವುದಾದರೆ ಅಮ್ಮನಿಗೇ ಕೊಡಬೇಕು. ಫ್ಯಾನಿಗೆ ಧೂಳು ಕಟ್ಟಿಕೊಂಡು ಪ್ರೊಸೆಸರಿನ ಬಿಸಿ 100 ಡಿಗ್ರಿಯ ಆಸುಪಾಸಿಗೆ ಏರಿತೆಂದರೆ, ಸುಟ್ಟುಹೋಗದಿರಲೆಂದು ಯಂತ್ರ ತಾನೇ ಆರಿಹೋಗುತ್ತದೆ. ರಬ್ಬರ್ ವೈದ್ಯವೂ ಸುಳ್ಳಲ್ಲ. ರ‍್ಯಾಮಿನ ಹೊಂಬಣ್ಣದ ಅಂಚಿನಲ್ಲಿ ಕೊಳೆ ಕೂತರೂ ಯಂತ್ರ ನಡುದಾರಿಯಲ್ಲಿ ಕೈಕೊಡುತ್ತದೆ. ಇದಕ್ಕೆ ದೊಡ್ಡವರು ಚಿಕ್ಕವರೆಂಬ ಭೇದವೂ ಇಲ್ಲ. 1998ರ ಏಪ್ರಿಲ್‌ನಲ್ಲಿ ಚಿಕಾಗೊದ ಕಾಮ್‌ಡೆಕ್ಸ್ ಮೇಳದ ವೇದಿಕೆಯಲ್ಲಿ ವಿಂಡೋಸ್ 98 ಪ್ರದರ್ಶನ ನಡೆದಿತ್ತು. ಸ್ಕ್ಯಾನರ್ ಚುಚ್ಚಿದ್ದೇ ತಡ, ಬಿಲ್ ಗೇಟ್ಸ್ ಎದುರಿಗೇ ಪರದೆ ನೀಲಿಯಾಯಿತು. ರಬ್ಬರ್ ಹಿಡಿದು ಓಡಿಬರುವ ಮಗ ಅಲ್ಲಿ ಯಾರಿಗೂ ಇರಲಿಲ್ಲವೆಂದು ಕಾಣುತ್ತದೆ.

ಕೊನೆಗೆ ರಿಪೇರಿಯ ಹುಡುಗ ಬಂದ. ಏನಾಯಿತು, ಯಾಕಾಯಿತು ಎಂದೇನೂ ಕೇಳಲಿಲ್ಲ. "ಡೇಟಾ ಬೇಕಾ ಸಾರ್? ಬೇಡಾಂದ್ರೆ ಫಾರ್ಮ್ಯಾಟ್ ಹೊಡೆದ್‌ಬಿಡ್ತೀನಿ" ಎಂದ. ಅಷ್ಟು ಪಂಡಿತರಲ್ಲಿ ಯಾರಿಗೂ ಹೊಳೆಯದ ಪ್ರಶ್ನೆ! ಫ್ಯಾನು, ರ‍್ಯಾಮು, ಎಸ್‌ಎಂಪಿಎಸ್ಸು ಎಲ್ಲವೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ, ನಾನು ಬರೆದದ್ದು ಸಿಗುವುದಿಲ್ಲ. ಬೇಕು ಎಂದೆ. ಅವನು ಡಿಸ್ಕಿಗೆ ಕಿವಿಗೊಟ್ಟು, "ಟಿಕ್ ಟಿಕ್ ಅಂತಿದೆ ಸಾರ್. ಮೊದಲು ಕಾಪಿ, ಆಮೇಲೆ ರಿಪೇರಿ" ಎಂದು, ಪೆನ್‌ಡ್ರೈವ್‌ನಲ್ಲಿದ್ದ ಲಿನಕ್ಸಿನಿಂದ ಯಂತ್ರವನ್ನು ಎಬ್ಬಿಸಿದ. ಸಾಯಲಿರುವ ಡಿಸ್ಕಿಗೆ ಚೆಕ್‌ಡಿಸ್ಕ್ ಓಡಿಸಿದರೆ ಉಳಿದ ಉಸಿರೂ ಹೋಗಬಹುದಂತೆ.

ಪರದೆಯ ಮೇಲೆ ನನ್ನ ಕಡತಗಳು ಸಾಲುಗಟ್ಟಿದವು: ಪ್ರಬಂಧ ಫೈನಲ್, ಪ್ರಬಂಧ ಫೈನಲ್ 2, ಪ್ರಬಂಧ ಇದೇ ಫೈನಲ್. ಹಳೆಯದೊಂದನ್ನು ತೆರೆದ ಹುಡುಗ, "ಹೋಯ್ತು ಸಾರ್, ಕರಪ್ಟ್" ಎಂದು ನಿಟ್ಟುಸಿರಿಟ್ಟ. ಎಲ್ಲಿಯ ಕರಪ್ಟು! ಅದು ನುಡಿ ಫಾಂಟಿನ ಕಾಲದ ಬರಹ. ಆ ಫಾಂಟಿಲ್ಲದ ಕಡೆ ಕನ್ನಡವೆಲ್ಲ ಕೊಂಬು ಬಾಲ ಬೆಳೆಸಿಕೊಂಡ ಇಂಗ್ಲಿಷ್ ಅಕ್ಷರವಾಗಿ ಕೂರುತ್ತದೆ. ಯೂನಿಕೋಡಿಗೆ ತಿರುಗಿಸಿದರೆ ಎದ್ದು ಬರುತ್ತದೆ. ಕನ್ನಡದಲ್ಲಿ ಬರೆಯುವವನು ಕಡತ ಉಳಿಸಿದರಷ್ಟೇ ಸಾಲದು, ಲಿಪಿಯನ್ನೂ ಉಳಿಸಿಕೊಳ್ಳಬೇಕು.

ಹೋಗುವ ಮುನ್ನ ಹುಡುಗ 3-2-1 ಸೂತ್ರ ಬೋಧಿಸಿದ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದಾಚೆ. ಅತಿಯಾಯಿತು ಎನ್ನುವಂತಿಲ್ಲ. 'ಟಾಯ್ ಸ್ಟೋರಿ 2' ಎಂಬ ಆನಿಮೇಷನ್ ಚಿತ್ರ ತಯಾರಾಗುತ್ತಿದ್ದಾಗ ಕಂಪ್ಯೂಟರಿಗೆ ಯಾರೋ ಕೊಟ್ಟ ಒಂದು ಆಜ್ಞೆಗೆ ಅದರ ಬಹುಪಾಲು ಅಳಿಸಿಹೋಯಿತು. ಬ್ಯಾಕಪ್ ಇತ್ತು, ಅದು ಕೆಟ್ಟಿರುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಚಿತ್ರತಂಡದಲ್ಲಿದ್ದ ಹಸುಗೂಸಿನ ತಾಯಿ ಗ್ಯಾಲಿನ್ ಸುಸ್ಮನ್ ಮನೆಯಿಂದಲೇ ಕೆಲಸ ಮಾಡಲು ಇಟ್ಟುಕೊಂಡಿದ್ದ ಕಂಪ್ಯೂಟರಿನ ಪ್ರತಿಯೇ ಚಿತ್ರವನ್ನು ಉಳಿಸಿತು.

ಈ ಕಥೆ ಕೇಳಿದ ನನ್ನ ಹೆಂಡತಿ ಒಂದು ಪೆನ್‌ಡ್ರೈವನ್ನು ಸಾಸಿವೆ ಡಬ್ಬಿಗೆ ಸೇರಿಸಿದಳು. ಇನ್ನೊಂದು ಶಿವಮೊಗ್ಗದ ಅಕ್ಕನ ಮನೆಗೆ ಹೋಯಿತು. ಮೊನ್ನೆ ಅಕ್ಕನ ಫೋನು.

"ಮೊಮ್ಮಗನ ನಾಮಕರಣದ ವಿಡಿಯೋಗೆ ಜಾಗ ಸಾಲ್ತಿಲ್ಲ ಕಣೋ. ಇದರಲ್ಲಿ ಮೂರು ಫೈನಲ್ ಇದೆ. ಮೂರೂ ಓದಿದೆ, ಅಂಥಾ ವ್ಯತ್ಯಾಸ ಏನಿಲ್ಲ. ಎರಡು ಅಳಿಸಲಾ?"

ಬ್ಯಾಕಪ್ಪನ್ನು ಆಗಾಗ ತೆರೆದು ಪರೀಕ್ಷಿಸಬೇಕು ಎಂದು ಬಲ್ಲವರು ಹೇಳುತ್ತಾರೆ. ವಿಮರ್ಶೆಯೂ ಜೊತೆಗೇ ಬರುತ್ತದೆಂದು ಹೇಳಿರಲಿಲ್ಲ.