ರಗ್ಬಿ ಲೀಗಿನ ಕಾಲದೋಷಕ್ಕೆ ಬೀದರ್ ಸೀಮೆಯ ಪರಿಹಾರ

ಅಥ ಪ್ರಸ್ತಾವನೆ. ರಗ್ಬಿ ಲೀಗ್ ಎಂಬ ಆಟಕ್ಕೆ ಗ್ರಹಚಾರ ಕೆಟ್ಟು ಬಹಳ ವರ್ಷಗಳಾದವು. ಒಂದೊಂದು ಕಡೆ ಹದಿಮೂರು ದಾಂಡಿಗರು ನಿಂತು ಮೊಟ್ಟೆಯಾಕಾರದ ಚೆಂಡಿಗಾಗಿ ಮೈಮೇಲೆ ಬೀಳುವ ಈ ಆಟದಲ್ಲಿ ವರ್ಷದ ಊಟವನ್ನೆಲ್ಲ ಕ್ಲಬ್ಬುಗಳೇ ಉಂಡುಬಿಡುತ್ತವೆ. ದೇಶ-ದೇಶಗಳ ಪಂದ್ಯಕ್ಕೆ ಉಳಿಯುವುದು ಎಲೆಯ ತುದಿಯ ಉಪ್ಪಿನಕಾಯಿ. ಇಂಗ್ಲೆಂಡಿನ ಸೂಪರ್ ಲೀಗ್ ಫೆಬ್ರವರಿಯಲ್ಲಿ ಶುರುವಾದರೆ ಅಕ್ಟೋಬರಿಗೆ ನಿಲ್ಲುತ್ತದೆ. ಆಸ್ಟ್ರೇಲಿಯದ ಎನ್‌ಆರ್‌ಎಲ್ ಮಾರ್ಚಿನಲ್ಲಿ ಎದ್ದು ಅದೇ ಅಕ್ಟೋಬರಿಗೆ ಮಲಗುತ್ತದೆ. 2021ರ ವಿಶ್ವಕಪ್ 2022ರಲ್ಲಿ ನಡೆಯಿತು. 2025ರದ್ದನ್ನು ಫ್ರಾನ್ಸ್ ನಡೆಸುತ್ತೇನೆಂದು ಹೇಳಿ ಕೈಚೆಲ್ಲಿತು. ಅದು 2026ಕ್ಕೆ ಜಾರಿ ಆಸ್ಟ್ರೇಲಿಯಕ್ಕೆ ಹೋಯಿತು. ಆಸ್ಟ್ರೇಲಿಯದ ಎದುರಿನ ಆ್ಯಷಸ್ ಸರಣಿ 2003ರಲ್ಲಿ ಕಣ್ಣು ಮುಚ್ಚಿದ್ದು ಮತ್ತೆ ತೆರೆದದ್ದು 2025ರಲ್ಲಿ. ತೆರೆದ ಕೂಡಲೇ ಇಂಗ್ಲೆಂಡ್ ಮೂರಕ್ಕೆ ಮೂರೂ ಸೋತಿತು. ಇಷ್ಟು ಲಕ್ಷಣ ಹೇಳಿದರೆ ಬೀದರ್ ಜಿಲ್ಲೆಯ ಭಾಲ್ಕಿ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತ ಯಾರಾದರೂ ರೋಗ ಗುರುತಿಸಬಲ್ಲರು: ತಿಥಿ ನೋಡದೆ ಜಾತ್ರೆ ಇಟ್ಟಾರ್ರಿ.

ಈ ವಿಷಯದಲ್ಲಿ ಬಾಯಿ ಹಾಕಲು ಬೀದರಿಗೇನು ಅಧಿಕಾರ ಎಂದು ಕೇಳುವವರಿದ್ದಾರೆ. ಕೇಳಲಿ. ಕಾಲಗಣನೆಯಲ್ಲಿ ಇಷ್ಟು ಏಟು ತಿಂದ ಊರು ಬೇರೆ ಯಾವುದಿದೆ? ಮದುವೆ-ಮುಂಜಿಗೆ ಶಾಲಿವಾಹನ ಶಕೆಯ ಪಂಚಾಂಗ, ರಂಜಾನ್-ಮೊಹರಮ್ಮಿಗೆ ಹಿಜರಿ, ನಿಜಾಮನ ಕಾಲದ ಕಂದಾಯ ಕಾಗದಕ್ಕೆ ಕ್ರಿಸ್ತಶಕದಲ್ಲಿ ಸುಮಾರು 590 ಕಳೆದರೆ ಸಿಗುವ ಫಸಲಿ ವರ್ಷ, ಸಾಲದ ಕಂತಿಗೆ ಇಂಗ್ಲಿಷ್ ತಾರೀಕು. ಅಜ್ಜನ ಪಹಣಿಯಲ್ಲಿ 1350ರ ಆಸುಪಾಸಿನ ಇಸವಿ ಕಂಡು, ನಮ್ಮ ಹೊಲ ಬಹಮನಿಗಳಷ್ಟೇ ಹಳೆಯದು ಎಂದು ಬೀಗಿದ ಮೊಮ್ಮಕ್ಕಳು ಈ ಜಿಲ್ಲೆಯಲ್ಲಿ ಸಾಕಷ್ಟು ಸಿಗುತ್ತಾರೆ. ನಾಲ್ಕು ಕ್ಯಾಲೆಂಡರುಗಳ ನಡುವೆ ಬದುಕಿ ಒಂದೂ ಜಾತ್ರೆ ತಪ್ಪಿಸಿಕೊಳ್ಳದ ಜನಕ್ಕೆ ಎರಡು ಲೀಗು, ಒಂದು ವಿಶ್ವಕಪ್ ಹೊಂದಿಸುವುದು ದೊಡ್ಡದೇನಲ್ಲ.

ಪೂರ್ವನಿದರ್ಶನವೂ ಇದೆ. ಬೀದರಿನ ಪಕ್ಕದ ಅಷ್ಟೂರಿನಲ್ಲಿ ಮಲಗಿರುವ ಸುಲ್ತಾನ ಅಹ್ಮದ್ ಶಾ ವಲಿ 1436ರಲ್ಲಿ ತೀರಿಕೊಂಡವನು. ಅವನ ಉರುಸು ಹಿಜರಿಯಂತೆ ನಡೆದಿದ್ದರೆ ವರ್ಷಕ್ಕೆ ಹನ್ನೊಂದು ದಿನ ಹಿಂದೆ ಹಿಂದೆ ಸರಿದು, ಒಮ್ಮೆ ಮಳೆಯಲ್ಲಿ ತೊಯ್ದು ಒಮ್ಮೆ ಚಳಿಯಲ್ಲಿ ನಡುಗುತ್ತಿತ್ತು. ಹಾಗಾಗಲಿಲ್ಲ. ಸುಲ್ತಾನನ ಉರುಸು ಹೋಳಿ ಹುಣ್ಣಿಮೆಯಿಂದ ಎಣಿಸಿ ಹಿಂದೂ ತಿಥಿಯ ಮೇಲೆ ನಡೆಯುತ್ತದೆ. ಅವನನ್ನು ಅಲ್ಲಮಪ್ರಭುವೆಂದು ನಂಬಿದವರು ಕಾಯಿ ಒಡೆಸುತ್ತಾರೆ, ವಲಿ ಎಂದು ನಂಬಿದವರು ಚಾದರ ಹೊದಿಸುತ್ತಾರೆ. ಕ್ಲಬ್ ಯಾವುದು, ದೇಶ ಯಾವುದು ಎಂದು ಅಲ್ಲಿ ಯಾರೂ ತಕರಾರು ತೆಗೆದಿಲ್ಲ. ಇದನ್ನು ಸಿಡ್ನಿ, ಮ್ಯಾಂಚೆಸ್ಟರ್ ಕಡೆಯ ಲೀಗಿನವರು ಒಮ್ಮೆ ಬಂದು ನೋಡುವುದು ಒಳ್ಳೆಯದು.

ಇನ್ನು ಪೂರ್ವಪಕ್ಷ. ರೋಗದ ಮೂಲ ಕ್ಯಾಲೆಂಡರಿನಲ್ಲಿಲ್ಲ, ಕೂಲಿಯಲ್ಲಿದೆ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಸೇರಿ ರಗ್ಬಿಯ ಮೂಲಮಠದಿಂದ ಹೊರಬಿದ್ದದ್ದು ಯಾಕೆ? ಗಣಿ, ಗಿರಣಿಯ ಕೆಲಸ ಬಿಟ್ಟು ಆಡಲು ಬಂದವನಿಗೆ ಹೋದ ದಿನದ ಕೂಲಿ ಕೊಡಿ ಎಂದದ್ದಕ್ಕೆ. ಮೇಲಿನವರು ಒಪ್ಪಲಿಲ್ಲ, ಆಟ ಎರಡಾಯಿತು. ಅಂದಿನಿಂದ ಇಂದಿನವರೆಗೆ ಪ್ರಶ್ನೆ ಒಂದೇ: ಆಟಗಾರನ ದಿನ ಯಾರದು, ಅದಕ್ಕೆ ಕೊಡುವವರು ಯಾರು? 1996ರಲ್ಲಿ ಸೂಪರ್ ಲೀಗ್ ಹುಟ್ಟಿಸಿ ಆಟವನ್ನು ಚಳಿಗಾಲದಿಂದ ಬೇಸಿಗೆಗೆ ಎಳೆದರೂ ಇದು ಬಗೆಹರಿಯಲಿಲ್ಲ. ಋತು ಬದಲಾಯಿತು, ಯಜಮಾನ ಬದಲಾಗಲಿಲ್ಲ.

ಇದಕ್ಕೆ ಉತ್ತರ ಬೇಕಾದರೆ ಬೀದರ್ ಜಿಲ್ಲೆಯ ಔರಾದಿಗೆ ಬರೋಣ. ಮಹಾಶಿವರಾತ್ರಿಯ ಹೊತ್ತಿಗೆ ಅಮರೇಶ್ವರ ಜಾತ್ರೆ. ಜಾತ್ರೆ ಎಂದ ಮೇಲೆ ದನದ ಸಂತೆ, ಜಂಗಿ ಕುಸ್ತಿ. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ ಇರುವ ಈ ಗಡಿಯಲ್ಲಿ ನಡೆಯುವ ಕುಸ್ತಿಯನ್ನು ಅಂತರರಾಷ್ಟ್ರೀಯ ಎನ್ನಲು ಪ್ರಬಂಧಕಾರನಿಗೆ ಯಾವ ಸಂಕೋಚವೂ ಇಲ್ಲ. ಮೊದಲು ಚಡ್ಡಿ ಜಾರುವ ಪೋರರು ತೆಂಗಿನಕಾಯಿಗೆ ಹಿಡಿಯುತ್ತಾರೆ. ಹೊತ್ತು ಏರಿದಂತೆ ಕಾಯಿ ಹೋಗಿ ನೋಟು ಬರುತ್ತದೆ, ಕೊನೆಯ ಕುಸ್ತಿಗೆ ಬೆಳ್ಳಿ ಕಡಗ. ಹಲಗೆ ಒಂದೇ ಸಮ ಬಡಿಯುತ್ತಿರುತ್ತದೆ. ಮೈಕಿನವನು ಕಡಗ ಕೊಟ್ಟ ದಾನಿಯ ಹೆಸರು, ತಂದೆಯ ಹೆಸರು, ಹುದ್ದೆಗಳನ್ನು ಹೇಳಿ ಮುಗಿಸುವಷ್ಟರಲ್ಲಿ ಕುಸ್ತಿಯೇ ಮುಗಿದಿರುತ್ತದೆ.

ವಿದ್ವಾಂಸರು ಗಮನಿಸಬೇಕಾದ್ದು ಜೋಡಿ ಹಚ್ಚುವ ಹಿರಿಯನನ್ನು. ತಲೆಗೆ ಪಟಗ, ಕೈಯಲ್ಲಿ ಕಾಗದವಿಲ್ಲ, ಕಂಪ್ಯೂಟರಿಲ್ಲ. ತೊಡೆ ತಟ್ಟುತ್ತ ಮುಂದೆ ಬಂದವನ ಮಣಿಕಟ್ಟು ಹಿಡಿದು ತಿರುಗಿಸುತ್ತಾನೆ, ಕುತ್ತಿಗೆಯ ಹಿಂದೆ ಒಮ್ಮೆ ಅದುಮುತ್ತಾನೆ, ಕಿವಿ ನೋಡುತ್ತಾನೆ. ಕಿವಿ ಮುದ್ದೆಯಾಗಿದ್ದರೆ ತಾಲೀಮಿನಲ್ಲಿ ಬೆಳೆದವನು. ಅವನನ್ನು ಹೊಸಬನ ಎದುರು ಬಿಡುವುದಿಲ್ಲ. ಗಡಿಯಾಚೆಯ ಉದಗೀರಿನವನ ಕೈಯನ್ನೂ ಭಾಲ್ಕಿಯವನ ಕೈಯನ್ನೂ ಸೇರಿಸಿ ಎತ್ತಿ ಹಿಡಿದು ಅಖಾಡದ ಸುತ್ತ ಒಂದು ಸುತ್ತು ನಡೆಸುತ್ತಾನೆ. ಜನ ಹೋ ಎಂದರೆ ಜೋಡಿ ಪಾಸು. ‘ಏ, ಸಣ್ಣಂವ ಅದಾನ, ಬಿಡು’ ಎಂದರೆ ರದ್ದು. ಅಂತರರಾಷ್ಟ್ರೀಯ ವೇಳಾಪಟ್ಟಿಯೊಂದು ಇಷ್ಟು ಪ್ರಜಾಸತ್ತಾತ್ಮಕವಾಗಿ ತಯಾರಾಗುವುದನ್ನು ಪ್ರಬಂಧಕಾರ ಬೇರೆಲ್ಲೂ ಕಂಡಿಲ್ಲ.

ಪೈಲ್ವಾನನನ್ನು ‘ಬಿಟ್ಟುಕೊಡು’ ಎಂದು ಯಾವ ಕ್ಲಬ್ಬಿಗೂ ಪತ್ರ ಬರೆಯಬೇಕಾಗಿಲ್ಲ, ಯಾಕೆಂದರೆ ಆ ಹೊತ್ತಿಗೆ ಅವನನ್ನು ಹಿಡಿದಿಡುವ ಕೆಲಸವೇ ಕಡಿಮೆ. ತೊಗರಿ ರಾಶಿ ಮುಗಿದಿದೆ, ಕೈಯಲ್ಲಿ ನಾಲ್ಕು ಕಾಸಿದೆ. ಕಬ್ಬಿನ ಗ್ಯಾಂಗಿಗೆ ಹೋದವನು ಮಾತ್ರ ಕಾರ್ಖಾನೆ ನಿಲ್ಲುವವರೆಗೆ ಬರಲಾರ; ಅವನನ್ನು ಗಾಯಾಳು ಪಟ್ಟಿಗೆ ಸೇರಿಸಿಕೊಳ್ಳತಕ್ಕದ್ದು. ಹೀಗಾಗಿ ಹಡರ್ಸ್‌ಫೀಲ್ಡಿನಲ್ಲಿ ಹುಟ್ಟಿದ ಕೂಲಿಯ ಜಗಳ ಇಲ್ಲಿ ಹುಟ್ಟುವುದೇ ಇಲ್ಲ.

ಅಥ ಸಿದ್ಧಾಂತ. ಚಾಂದ್ರಮಾನ ವರ್ಷಕ್ಕೆ 354 ದಿನ. ಸೂರ್ಯನ ಲೆಕ್ಕಕ್ಕೆ ಹನ್ನೊಂದು ಕಡಿಮೆ. ಅದಕ್ಕೇ 2024ರಲ್ಲಿ ಮಾರ್ಚ್ 8ಕ್ಕಿದ್ದ ಶಿವರಾತ್ರಿ 2025ರಲ್ಲಿ ಫೆಬ್ರವರಿ 26ಕ್ಕೆ, 2026ರಲ್ಲಿ ಫೆಬ್ರವರಿ 15ಕ್ಕೆ ಜಾರಿತು. ಹೀಗೇ ಬಿಟ್ಟರೆ ಅಮರೇಶ್ವರನ ತೇರು ತೊಗರಿ ಹೊಲಕ್ಕೇ ನುಗ್ಗೀತು. ಆಗ ಪಂಚಾಂಗ ಕೈಕಟ್ಟಿ ಕೂರುವುದಿಲ್ಲ: ಸುಮಾರು ಮೂವತ್ತೆರಡೂವರೆ ತಿಂಗಳಿಗೊಮ್ಮೆ ಒಂದು ಇಡೀ ತಿಂಗಳನ್ನೇ ಹೆಚ್ಚಿಗೆ ತುರುಕುತ್ತದೆ. 2023ರಲ್ಲಿ ಅಧಿಕ ಶ್ರಾವಣ, 2026ರಲ್ಲಿ ಅಧಿಕ ಜ್ಯೇಷ್ಠ, 2029ರಲ್ಲಿ ಅಧಿಕ ಚೈತ್ರ. ಆ ತಿಂಗಳಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ತೇರಿಲ್ಲ. ಯಾರ ಲೆಕ್ಕಕ್ಕೂ ಸೇರದ ತಿಂಗಳು. ಅಂದಮೇಲೆ ಯಾವ ಕ್ಲಬ್ಬಿಗೂ ಸೇರದ ತಿಂಗಳು. ವಿಶ್ವಕಪ್ ಅಲ್ಲೇ ಇಡಿ.

ಈ ಸಿದ್ಧಾಂತಕ್ಕೆ ಪೋಷಕವಾದ ಆಚಾರವೂ ಗಡಿಭಾಗದಲ್ಲಿ ಸಿದ್ಧವಾಗಿದೆ. ಧೊಂಡ್ಯಾ ತಿಂಗಳಲ್ಲಿ, ಅಂದರೆ ಅಧಿಕ ಮಾಸದಲ್ಲಿ, ಅಳಿಯನನ್ನು ಕರೆದು 33 ಅನಾರಸ ಸಿಹಿತಿಂಡಿ ಕೊಟ್ಟು ಸತ್ಕರಿಸುವುದುಂಟು. ದೇಶದ ತಂಡಕ್ಕೆ ಬರುವ ಕ್ಲಬ್ ಆಟಗಾರನ ಸ್ಥಿತಿ ಅಳಿಯನದೇ: ನಮ್ಮವನು ಹೌದು, ಸಾಕುವವರು ಬೇರೆ. ಅವನನ್ನು ಕರೆದು ಉಣ್ಣಿಸಿ, ಮಂಡಿ ಮುರಿಯದಂತೆ ನೋಡಿಕೊಂಡು, ಅನಾರಸದ ಡಬ್ಬಿ ಸಮೇತ ಹಿಂದಿರುಗಿಸಿದರೆ ಯಾವ ಕ್ಲಬ್ ಮಾಲೀಕ ತಾನೇ ಗೊಣಗಿಯಾನು? ಎರಡು ಜೆರ್ಸಿಯ ನಿಷ್ಠೆ ಹೇಗೆ ಸಾಧ್ಯ ಎನ್ನುವವರಿಗೆ ಭಾಲ್ಕಿಯ ಹಿರೇಮಠವನ್ನು ತೋರಿಸಿದರೆ ಸಾಕು. ನಿಜಾಮನ ಆಳ್ವಿಕೆಯಲ್ಲಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿಸಿ ಒಳಗೆ ಕನ್ನಡ ಕಲಿಸಿದರು.

ಆಕ್ಷೇಪಗಳು. ಅಧಿಕ ಜ್ಯೇಷ್ಠ ಬರುವುದು ಆಸ್ಟ್ರೇಲಿಯದ ಸ್ಟೇಟ್ ಆಫ್ ಒರಿಜಿನ್ ಕಾಲದಲ್ಲಿ. ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ 1980ರಿಂದ ನಡೆಸಿಕೊಂಡು ಬಂದ ಆ ಹಬ್ಬಕ್ಕೆ ಏನು ಗತಿ? ಶುಭಕಾರ್ಯವಾದರೆ ಮುಂದಕ್ಕೆ ಹಾಕಲಿ. ಅಶುಭವೆಂದು ಒಪ್ಪಿಕೊಂಡರೆ ಅದೇ ತಿಂಗಳಲ್ಲಿ ನಡೆಸಲು ಅಡ್ಡಿಯಿಲ್ಲ. ಎರಡನೆಯ ಆಕ್ಷೇಪ ಟಿವಿ ಹಕ್ಕಿನವರದು, ಅವರಿಗೆ ಅಮಾವಾಸ್ಯೆ ಯಾವಾಗ ಎಂದು ಮೊದಲೇ ಗೊತ್ತಾಗಬೇಕಂತೆ. ಪಂಚಾಂಗ ಯುಗಾದಿಗೆ ಮೊದಲೇ ಅಂಗಡಿಯಲ್ಲಿ ಸಿಗುತ್ತದೆ. ಅಂತರರಾಷ್ಟ್ರೀಯ ರಗ್ಬಿ ಲೀಗಿನ ಪಟ್ಟಿಯ ಬಗ್ಗೆ ಅಷ್ಟು ಹೇಳಲಾಗದು.

ಕೊನೆಯದಾಗಿ, ಜೋಡಿ ಹಚ್ಚುವ ಒಬ್ಬ ಹಿರಿಯರನ್ನು ಮ್ಯಾಂಚೆಸ್ಟರಿಗೆ ಕಳಿಸಿ ಪ್ರಯೋಗ ಮಾಡಿ ನೋಡಬೇಕೆಂದು ಪ್ರಬಂಧಕಾರನ ಶಿಫಾರಸು. ಅವರು ಒಪ್ಪಿದ್ದಾರೆ. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡೇ ಬರುತ್ತಾರೆ, ಪ್ರಯಾಣಭತ್ಯೆ ಮುಂಗಡ ಕೊಡಬೇಕು. ಆದರೆ ಫೆಬ್ರವರಿಯಲ್ಲಿ ಆಗುವುದಿಲ್ಲವಂತೆ: ಕಡಲೆ ರಾಶಿ ಆಗಬೇಕು, ಆಮೇಲೆ ಜೋಳ, ಅಷ್ಟರಲ್ಲಿ ಅಷ್ಟೂರಿನ ಉರುಸು ಬರುತ್ತದೆ. ಸೂಪರ್ ಲೀಗಿನವರು ಅಲ್ಲಿಯವರೆಗೆ ತಡೆಯಲು ಸಾಧ್ಯವೇ ಎಂದು ಕೇಳಿ ತಿಳಿಸಬೇಕಾಗಿ ವಿನಂತಿ.