ತಲೆಯೊಳಗಿನ ಬಾಡಿಗೆದಾರನಿಗೆ ಬಹಿರಂಗ ಪತ್ರ

ಮಹಾರಾಯರೇ,

ನನ್ನ ತಲೆಬುರುಡೆಯ ಬುಡದಲ್ಲಿ ಠಿಕಾಣಿ ಹೂಡಿರುವ ತಮ್ಮ ಹೆಸರು ಕಾರ್ಡೋಮಾ ಎಂದು ಬಯಾಪ್ಸಿ ವರದಿ ಹೇಳುತ್ತದೆ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರ ಮನೆ ಹುಡುಕಿಕೊಂಡು ಹೋಗುವವರಂತೆ ತಾವು. ಲಾಟರಿಯಲ್ಲಿ ನೂರು ರೂಪಾಯಿಯನ್ನೂ ಕಾಣದವನ ಮೇಲೆ ಎಂಥಾ ಕೃಪೆ! ಗಡ್ಡೆ ಬೆಳೆಯುವುದು ನಿಧಾನ ಎಂದು ಡಾಕ್ಟರು ಸಮಾಧಾನ ಹೇಳಿದರು. ಪೋಡಿ ಅರ್ಜಿ ಕೊಟ್ಟು ಕಾದವನಿಗೆ ನಿಧಾನ ಹೊಸದಲ್ಲ.

ತಮ್ಮನ್ನು ಖಾಲಿ ಮಾಡಿಸಲು ನಾನು ಅಮೆರಿಕಕ್ಕೆ ಹೋಗಬೇಕಾಗಿದೆ. ಅದಕ್ಕೆ ಬಿ-2 ವೀಸಾ ಬೇಕು. ತಾವು ನನ್ನೊಳಗೆ ಬರುವಾಗ ಅರ್ಜಿ ಹಾಕಲಿಲ್ಲ, ಬೆರಳಚ್ಚು ಕೊಡಲಿಲ್ಲ, ಎಷ್ಟು ದಿನ ಇರುತ್ತೀರೆಂದು ಬಾಯಿಬಿಡಲಿಲ್ಲ. ನಾನಾದರೋ 185 ಡಾಲರ್ ಕಟ್ಟಿದ್ದೇನೆ. ವೀಸಾ ಸಿಗಲಿ ಬಿಡಲಿ, ಹುಂಡಿಗೆ ಹಾಕಿದ ಹಾಗೆ, ದುಡ್ಡು ವಾಪಸ್ ಬರುವುದಿಲ್ಲ.

ಡಿಎಸ್-160 ಎಂಬ ಅರ್ಜಿಯನ್ನು ತಾವು ನೋಡಬೇಕಿತ್ತು. ಭಯೋತ್ಪಾದನೆ ನಡೆಸುವ ಇರಾದೆ ಇದೆಯೇ? ನರಮೇಧದಲ್ಲಿ ಭಾಗವಹಿಸಿದ್ದೀರಾ? ಬಲವಂತದ ಅಂಗಾಂಗ ಕಸಿಯಲ್ಲಿ ನೇರ ಕೈವಾಡವಿತ್ತೇ? ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ್ದೇನೆ. ಮಕ್ಕಳನ್ನು ಕೇಳಿದರೆ ಇವುಗಳಲ್ಲಿ ಒಂದೆರಡಕ್ಕಾದರೂ ಹೌದು ಅನ್ನುತ್ತಿದ್ದರೋ ಏನೋ. 'ನೀವು ಯಾವುದಾದರೂ ಕುಲ ಅಥವಾ ಬುಡಕಟ್ಟಿಗೆ ಸೇರಿದವರೇ' ಎಂಬಲ್ಲಿ ಮಾತ್ರ ನಾನು ತಡೆದು ನಿಂತೆ. ಕನಕದಾಸರ ನಾಡಿನವನಿಗೆ ಅದೇನು ಸಣ್ಣ ಪ್ರಶ್ನೆಯೇ? ಯೋಚಿಸುತ್ತಾ ಕೂತೆ. ಇಪ್ಪತ್ತು ನಿಮಿಷ ಕೈಯಾಡಿಸದಿದ್ದರೆ ಆ ಪುಟ ತಾನಾಗಿ ಮುಚ್ಚಿಕೊಳ್ಳುತ್ತದಂತೆ, ಮುಚ್ಚಿಕೊಂಡಿತು. "ಇಲ್ಲ ಅಂತ ಒತ್ತಿ ಅಂದ್ರೆ ಇದಕ್ಕೂ ಯೋಚ್ನೆ ಮಾಡ್ತೀರಲ್ಲ" ಎಂದು ನಮ್ಮ ಮನೆಯವಳು ಮೌಸ್ ಕಿತ್ತುಕೊಂಡಳು.

ಅವರ ವಲಸೆ ಕಾನೂನಿನಲ್ಲಿ 214(ಬಿ) ಎಂಬ ಸೆಕ್ಷನ್ ಇದೆ. ಅದರ ಪ್ರಕಾರ ನಾನು ಅಲ್ಲೇ ನೆಲೆಸಲು ಹೊರಟವನು. ಅಲ್ಲ ಎಂದು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕಾದವನೂ ನಾನೇ. ಒಳಹೊಕ್ಕ ಮೇಲೆ ಕದಲದ ತಮ್ಮಂಥವರಿಗೆ ಹೇಳಿ ಮಾಡಿಸಿದ ಸೆಕ್ಷನ್ ಅದು, ನನ್ನ ಕೊರಳಿಗೆ ಬಿದ್ದಿದೆ. ಊರಿಗೆ ಮರಳುತ್ತೇನೆ ಎನ್ನುವುದಕ್ಕೆ ಸಾಕ್ಷಿಯಾಗಿ ಎರಡು ಎಕರೆ ಅಡಿಕೆ ತೋಟದ ಪಹಣಿ, ಪಿಂಚಣಿ ಪುಸ್ತಕ ಎಲ್ಲ ಫೈಲಿಗೆ ಸೇರಿಸಿದ್ದೇನೆ. ಮಗ ಅಲ್ಲೇ ಇದ್ದಾನೆ ಎಂದೂ ಬರೆಯಬೇಕಾಯಿತು. ಆಸ್ಪತ್ರೆ ಖರ್ಚಿಗೆ ಅವನೇ ಆಧಾರ, ಅನುಮಾನಕ್ಕೂ ಅವನೇ ಆಧಾರ.

ಇನ್ನು ತಮ್ಮ ಪಾತ್ರ. ಊರಿನ ಡಾಕ್ಟರ ಪತ್ರದಲ್ಲಿ ತಾವು ಇಲ್ಲಿ ಬಗ್ಗದಷ್ಟು ಭಯಂಕರರಾಗಿರಬೇಕು. ಅಲ್ಲಿನ ಆಸ್ಪತ್ರೆಯ ಪತ್ರದಲ್ಲಿ ಇಷ್ಟು ತಿಂಗಳು, ಇಷ್ಟು ಡಾಲರ್ ಎಂದು ಲೆಕ್ಕಕ್ಕೆ ಸಿಗುವಷ್ಟು ಸಾಧುವಾಗಬೇಕು. ನಾನು ಸಾಯುವಷ್ಟು ಕಾಯಿಲೆಯವನೂ ಹೌದು, ಸುಗ್ಗಿಗೆ ಬಂದು ಕೊನೆ ಕೊಯ್ಯಿಸುವಷ್ಟು ಗಟ್ಟಿಗನೂ ಹೌದು. ಈ ನಾಟಕದಲ್ಲಿ ತಾವು ಸಹಕರಿಸದಿದ್ದರೆ ಇಬ್ಬರಿಗೂ ಕಷ್ಟ.

ಬೆಂಗಳೂರಿನ ಆಸ್ಪತ್ರೆಯ ಪಡಸಾಲೆಯಲ್ಲಿ ಬಸ್ರಾದ ಹಿರಿಯರೊಬ್ಬರು ಸಿಕ್ಕಿದ್ದರು. ನಮ್ಮ ದೇಶದ ಮೆಡಿಕಲ್ ವೀಸಾ ಮೇಲೆ ಹೃದಯ ರಿಪೇರಿಗೆ ಬಂದವರು. ಜೊತೆಗಾರರು ಇಬ್ಬರವರೆಗೆ ಬರಬಹುದಂತೆ, ಇಬ್ಬರೂ ಇದ್ದರು. ದುಭಾಷಿಯ ಮೂಲಕ ನನ್ನ ಕುಲದ ಕಥೆ ಕೇಳಿ ಬಿದ್ದುಬಿದ್ದು ನಕ್ಕರು. ಆಮೇಲೆ ನಮ್ಮ ಅರ್ಜಿಯ ಕಥೆ ಹೇಳಿದರು. ಮೈಮೇಲೆ ಕಾಣುವ ಗುರುತೇನು, ಅಪ್ಪ-ಅಮ್ಮ ಅಥವಾ ಅಜ್ಜ-ಅಜ್ಜಿ ಪಾಕಿಸ್ತಾನದವರೇ ಎಂದು ನಾವು ಕೇಳುತ್ತೇವೆ. "ನನ್ನ ಹೃದಯಕ್ಕೂ ಅಜ್ಜನಿಗೂ ಏನು ಸಂಬಂಧ?" ಎಂದರು. ಭಾರತ ಸರ್ಕಾರದ ಪರವಾಗಿ ನಾನು ಕೆಮ್ಮಿದೆ.

ಬರುವ ಮಂಗಳವಾರ ಚೆನ್ನೈಯಲ್ಲಿ ಸಂದರ್ಶನ. ಒಂದೇ ಒಂದು ವಿನಂತಿ. ತಾವು ಕಣ್ಣು ಹೊರಳಿಸುವ ನರವನ್ನು ಒತ್ತುವುದರಿಂದ ಇತ್ತೀಚೆಗೆ ನನಗೆ ಎಲ್ಲವೂ ಎರಡೆರಡಾಗಿ ಕಾಣುತ್ತಿವೆ. ಅವತ್ತು ಎರಡು ನಿಮಿಷ ಕೈ ಸಡಿಲಿಸಿ. ಕಿಟಕಿಯಾಚೆ ಇಬ್ಬರು ಅಧಿಕಾರಿಗಳು ಕಂಡರೆ, ವಾಪಸ್ ಬರುತ್ತೇನೆ ಸ್ವಾಮಿ ಎಂದು ನಾನು ಯಾರ ಮುಖ ನೋಡಿ ಹೇಳಲಿ?

ಇಂತಿ,
ತಮ್ಮ ಮನೆ ಮಾಲೀಕ