ಗೋಡೆಯ ಜಾತಕ

ಹೈದರಾಬಾದಿನಲ್ಲಿ ನಲವತ್ತು ದಾಟಿದ ಗಂಡಸಿಗೆ ಎರಡು ಹುಚ್ಚು ಹಿಡಿಯುತ್ತವೆ. ಒಂದು, ಶಂಕರಪಲ್ಲಿಯ ಆಚೆಗೆಲ್ಲಾದರೂ ಪ್ಲಾಟು ಕೊಳ್ಳುವುದು. ಇನ್ನೊಂದು, ವೈರಿಲ್ಲದ ಡ್ರಿಲ್ಲು ಕೊಳ್ಳುವುದು. ಮೊದಲನೆಯದಕ್ಕೆ ಸಾಲ ಬೇಕು, ಹಾಗಾಗಿ ಹೆಂಡತಿಯ ಒಪ್ಪಿಗೆಯೂ ಬೇಕು. ಎರಡನೆಯದಕ್ಕೆ ಹೆಬ್ಬೆರಳೊಂದು ಸಾಕು. ರಾತ್ರಿ ಮಲಗುವ ಮುಂಚೆ ಮೊಬೈಲಿನ ಮೇಲೆ ಒತ್ತಿದರೆ ನಾಡಿದ್ದು ಡಬ್ಬಿ ಬಾಗಿಲಲ್ಲಿರುತ್ತದೆ.

ನಮ್ಮ ಕಾಕಾ ಭಾಲ್ಕಿ ಕಡೆಯವರು. ಈಗ ನಿಜಾಂಪೇಟೆಯ ಹೊಸ ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿಯಲ್ಲಿದ್ದಾರೆ. ಅವರ ಡಬ್ಬಿ ಬಂದ ದಿನ ನನಗೆ ಫೋನು ಬಂತು.

"ಲೇ ತಮ್ಮಾ, ನಲವತ್ತೆಂಟು ವೋಲ್ಟಿನ ಮಷೀನು, ಬರೇ ಎರಡು ಸಾವಿರಕ್ಕ! ಮ್ಯಾಲ 48 ವಿಎಫ್ ಅಂತ ಇಷ್ಟುದ್ದ ಬರ್ದಾರ."

"ವಿ ಅಂದ್ರ ವೋಲ್ಟು. ಎಫ್ ಅಂದ್ರೇನ್ರಿ ಕಾಕಾ?"

"ಫುಲ್ ಇರಬೇಕು."

"ಫಜೀತಿ ಇರಬೇಕು" ಎಂದು ಒಳಗಿನಿಂದ ಕಾಕು ಹೇಳಿದ್ದು ಫೋನಿನಲ್ಲೇ ಕೇಳಿಸಿತು.

ಕಾಕು ಹೇಳಿದ್ದರಲ್ಲಿ ಶಾಸ್ತ್ರವಿದೆ. ಇಂಥ ಯಂತ್ರಗಳ ಲೀಥಿಯಂ ಸೆಲ್ಲು ಒಂದೊಂದೂ 3.6 ವೋಲ್ಟಿನದು. ಮೂರು ಸೇರಿದರೆ 10.8, ಆಗಷ್ಟೇ ಚಾರ್ಜು ಮಾಡಿದಾಗ ಸ್ವಲ್ಪ ಉಬ್ಬಿ 12 ದಾಟುತ್ತದೆ. ಐದು ಸೇರಿದರೆ 18, ಉಬ್ಬಿದಾಗ 21. ಆದ್ದರಿಂದ ಒಬ್ಬ ಕಂಪನಿಯವನ 18, ಇನ್ನೊಬ್ಬನ '20 ಮ್ಯಾಕ್ಸ್', ಮತ್ತೊಬ್ಬನ 21 ಎಲ್ಲಾ ಅಣ್ಣತಮ್ಮಂದಿರೇ. ಆದರೆ ಐದು ಸೆಲ್ಲಿಟ್ಟು 48, 88 ಎಂದು ಬರೆಯುವ ಗಣಿತಕ್ಕೆ ಮದುವೆ ದಲ್ಲಾಳಿಗಳ ಮನೆಯಲ್ಲೇ ಪಾಠವಾಗಿರಬೇಕು. ಬ್ಯಾಟರಿಯ ಹೊಟ್ಟೆ ಕೆಳಗೆ ಸಣ್ಣಕ್ಷರ ಇರುತ್ತದಲ್ಲ, ನಿಜವೇನಾದರೂ ಇದ್ದರೆ ಅಲ್ಲೇ.

ವೋಲ್ಟು ಹಾಗಿರಲಿ. ಕಾಕಾ ಡ್ರಿಲ್ಲಿನ ಜಾತಕ ನೋಡಿದರೇ ಹೊರತು ಗೋಡೆಯದನ್ನು ನೋಡಲಿಲ್ಲ. ಈ ಊರಿನಲ್ಲಿ ಗೋಡೆಗಳಿಗೆ ಗೋತ್ರವಿದೆ. ಕಾಚಿಗುಡ, ಬರ್ಕತ್‌ಪುರದ ಹಳೇ ಮನೆಗಳದ್ದು ಇಟ್ಟಿಗೆ–ಸುಣ್ಣದ ಗೋತ್ರ: ಡ್ರಿಲ್ಲಿನ ಬಿಟ್ಟು ಸಲೀಸಾಗಿ ಒಳಗೆ ಹೋಗುತ್ತದೆ, ಜೊತೆಗೆ ಅಂಗೈಯಗಲ ಗಾರೆಯೂ ಬರುತ್ತದೆ. ಹಗುರ ಬೂದಿ ಬ್ಲಾಕಿನ ಗೋಡೆಗೆ ಹ್ಯಾಮರೇ ಬೇಡ, ಸುಮ್ಮನೆ ತಿರುಗಿದರೆ ಸಾಕು. ಇನ್ನು ಈಚಿನ ಎತ್ತರದ ಕಟ್ಟಡಗಳದ್ದು ಶಿಯರ್ ವಾಲ್ ಗೋತ್ರ. ಅಲ್ಯೂಮಿನಿಯಂ ಅಚ್ಚಿನೊಳಗೆ ಇಡೀ ಮನೆಯನ್ನೇ ಕಾಂಕ್ರೀಟಿನಲ್ಲಿ ಎರಕ ಹೊಯ್ದದ್ದು. ಅಡುಗೆಮನೆಯಿಂದ ದೇವರಮನೆಯವರೆಗೆ ಇಟ್ಟಿಗೆಯೆಂಬುದೇ ಕಾಣದು.

ಆ ಕಾಂಕ್ರೀಟಿನ ಜಲ್ಲಿ ಯಾವುದು? ಇದೇ ನೆಲದ ಗ್ರಾನೈಟು, ಸುಮಾರು 250 ಕೋಟಿ ವರ್ಷದ ಕಲ್ಲು. ಬಂಜಾರಾ ಹಿಲ್ಸ್, ಜುಬಿಲಿ ಹಿಲ್ಸ್ ಕಡೆ ಒಂದರ ಮೇಲೊಂದು ಕೂತಿದ್ದ ಬಂಡೆಗಳು ಕರಗುತ್ತಿವೆಯೆಂದು 1996ರಲ್ಲಿ ಇಲ್ಲಿನವರು 'ಸೊಸೈಟಿ ಟು ಸೇವ್ ರಾಕ್ಸ್' ಕಟ್ಟಿಕೊಂಡರು. ಅವರ ಕೈಗೆ ಉಳಿಯದ ಬಂಡೆಗಳು ಕ್ರಷರಿನಲ್ಲಿ ಪುಡಿಯಾಗಿ ಗೋಡೆಯೊಳಗೆ ಸೇರಿ, ಈಗ ತಮ್ಮನ್ನು ತಾವೇ ರಕ್ಷಿಸಿಕೊಳ್ಳುತ್ತಿವೆ. ಕಾಕಾ ಬಟನ್ ಒತ್ತಿದರು. ಮಷೀನು ಕೂಗಿತು, ಬಿಟ್ಟು ಕೆಂಪಾಯಿತು, ಗೋಡೆಯ ಮೇಲೆ ಕುಂಕುಮದ ಬೊಟ್ಟಿನಷ್ಟು ಗುರುತು ಬಿತ್ತು. ಕೆಳಗಿನ ಮನೆಯವರು ಮಾತ್ರ ಮೇಲೆ ಬಂದರು.

ಸೋಲೊಪ್ಪುವ ಪೈಕಿಯಲ್ಲ ಕಾಕಾ. "ನಾಸಾದವ್ರು ಚಂದ್ರನ ಮ್ಯಾಲ ಬ್ಯಾಟರಿ ಡ್ರಿಲ್ಲೇ ಒಯ್ದಿದ್ರಲ್ಲೋ!" ಒಯ್ದದ್ದು ನಿಜ. ಆದರೆ 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಮೂರು ಮೀಟರ್ ಕೊರೆಯಲು ಹೋಗಿ ಅರ್ಧದಷ್ಟರಲ್ಲೇ ನಿಂತರು. ಇನ್ನೊಂದು ಕಡೆ ಇಳಿಸಿದ ಕೊಳವೆ ಮೇಲೆ ಬರಲೊಲ್ಲದೆ, ಅವರೂ ಜೇಮ್ಸ್ ಇರ್ವಿನ್ನರೂ ಹೆಗಲು ಕೊಟ್ಟು ಎಬ್ಬಿಸಬೇಕಾಯಿತು. ಚಂದ್ರನಲ್ಲಿ ಎಲೆಕ್ಟ್ರಿಷಿಯನ್ ಸಿಗುವುದಿಲ್ಲ, ಪಾಪ. ಅಂದಹಾಗೆ ಈ ಯಂತ್ರ ನಾಸಾದ ಸಂಶೋಧನೆಯೇನಲ್ಲ. ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪನಿ 1961ರಲ್ಲೇ ವೈರಿಲ್ಲದ ಡ್ರಿಲ್ಲು ಹೊರತಂದಿತ್ತು.

ಸಿಕಂದರಾಬಾದಿನ ರಾಣಿಗಂಜ್‌ನಲ್ಲಿ ಹಳೇ ಅಂಗಡಿಯವರು ಮಷೀನು ತೋರಿಸುವ ಮೊದಲೇ ಕೇಳುತ್ತಾರೆ: "ದೀವಾರ್ ಕೈಕಿ ಹೈ, ಸಾಬ್?" ಕಾಂಕ್ರೀಟು ಎಂದರೆ ಚಿಕ್ಕದನ್ನು ಮುಟ್ಟಲೂ ಬಿಡುವುದಿಲ್ಲ. ಅಗ್ಗದ ಡ್ರಿಲ್ಲಿನ 'ಹ್ಯಾಮರ್' ಎಂದರೆ ಒಳಗೆ ಎರಡು ಹಲ್ಲಿನ ಬಿಲ್ಲೆಗಳು ಒಂದಕ್ಕೊಂದು ಉಜ್ಜಿ ಗಡಗಡ ಎನ್ನುವುದಷ್ಟೇ. ಎಲೆಕ್ಟ್ರಿಷಿಯನ್ ಹೆಗಲಿಗೇರಿಸಿಕೊಂಡು ಬರುವ ರೋಟರಿ ಹ್ಯಾಮರಿನಲ್ಲಿ ಪಿಸ್ಟನ್ನು ಗಾಳಿಯನ್ನು ಒತ್ತಿ ಬಿಟ್ಟಿಗೆ ಹೊಡೆತ ಕೊಡುತ್ತದೆ.

ಹಾಗಾದರೆ ಚಿಕ್ಕದು ದಂಡವೇ? ಖಂಡಿತ ಅಲ್ಲ. 2018ರ ಆಗಸ್ಟಿನಲ್ಲಿ ಐಕಿಯಾ ತನ್ನ ಮೊದಲ ಭಾರತೀಯ ಅಂಗಡಿಯನ್ನು ಹೈಟೆಕ್ ಸಿಟಿಯಲ್ಲೇ ತೆರೆಯಿತು. ಅಂದಿನಿಂದ ಈ ಊರಿನ ಗಂಡಸರು ಗೋಡೆ ಕೊರೆದದ್ದಕ್ಕಿಂತ ಕಪಾಟಿಗೆ ಸ್ಕ್ರೂ ತಿರುಗಿಸಿದ್ದೇ ಹೆಚ್ಚು. ಅದಕ್ಕೆ 12 ವೋಲ್ಟಿನದು ಬೇಕಾದಷ್ಟಾಯಿತು. ಟಾರ್ಕು 25–30 ನ್ಯೂಟನ್ ಮೀಟರ್ ಇದ್ದರೆ ಧಾರಾಳ. ನಾನಾದರೆ ನೋಡುವುದು ಮೂತಿಯ ಹತ್ತಿರ ನಂಬರು ಬರೆದ ಬಳೆ ಇದೆಯೇ ಎಂದು. ಅದೇ ಕ್ಲಚ್ಚು. ಸಣ್ಣ ನಂಬರಿಗೆ ಇಟ್ಟರೆ ಸ್ಕ್ರೂ ಕೂತ ತಕ್ಷಣ ಕಟಕಟ ಎಂದು ಬಿಟ್ಟುಕೊಡುತ್ತದೆ. ಅದಿಲ್ಲದಿದ್ದರೆ ಹೊಟ್ಟಿನ ಹಲಗೆಯಲ್ಲಿ ಸ್ಕ್ರೂ ಸುತ್ತುತ್ತಲೇ ಇರುತ್ತದೆ, ಕಪಾಟಿನ ಬಾಗಿಲು ಜನ್ಮಪೂರ್ತಿ ಜೋಲುತ್ತದೆ. ಮತ್ತೆ, ಬ್ಯಾಟರಿ ಬಿಡಿಯಾಗಿ ಅಂಗಡಿಯಲ್ಲಿ ಸಿಗುವ ಕಂಪನಿಯದೇ ಆಗಲಿ. ಮನೆಯ ಡ್ರಿಲ್ಲು ದುಡಿದು ಸಾಯುವುದು ಅಪರೂಪ, ಕೂತು ಸಾಯುವುದೇ ವಾಡಿಕೆ. ಚಾರ್ಜು ಪೂರ್ತಿ ಇಳಿದ ಬ್ಯಾಟರಿಯನ್ನು ಅಟ್ಟದ ಮೇಲೆಸೆದು, ಮೇ ತಿಂಗಳ ನಲವತ್ತು ಡಿಗ್ರಿ ದಾಟಿದ ಬಿಸಿಲಿಗೆ ಬೇಯಲು ಬಿಟ್ಟು, ದಸರೆಗೆ ಇಳಿಸಿ ನೋಡಿದರೆ ಎಲ್ಲಿಯ ಜೀವ! ಅರ್ಧ ಚಾರ್ಜಿನಲ್ಲಿ, ತಂಪಾದ ಕಡೆ ಇಡಬೇಕು. ವರ್ಷಕ್ಕೆರಡು ತೂತಿನ ಸಂಸಾರವಾದರೆ ವೈರಿನ ಡ್ರಿಲ್ಲೇ ಲೇಸು. ಅದಕ್ಕೆ ಮುಪ್ಪಿಲ್ಲ.

ಕಾಕಾ ಕಡೆಗೆ ಎಲೆಕ್ಟ್ರಿಷಿಯನ್ನನಿಗೇ ಹೇಳಿಕಳಿಸಿದರು. "ಪರ್ಸೋಂ ಆತೂಂ" ಎಂದವನು ಹೈದರಾಬಾದಿನ ಲೆಕ್ಕದ ನಾಡಿದ್ದಿಗೆ, ಅಂದರೆ ಎರಡು ವಾರ ಬಿಟ್ಟು ಬಂದ. ಸ್ವಿಚ್ಚಿನ ನೇರಕ್ಕೆ ಮೇಲೆ ಕೆಳಗೆ ವೈರು ಓಡಿರುತ್ತದೆಂದು ಗುರುತು ಪಕ್ಕಕ್ಕೆ ಸರಿಸಿದ. ಗೋಡೆಗೆ ಕಾಗದ ಮಡಿಚಿ ಅಂಟಿಸಿ ಧೂಳು ಅದರಲ್ಲೇ ಬೀಳಿಸಿದ. ತೂತಿಗೆ ಗಿಟ್ಟಿ ಬಡಿದ. ಆಮೇಲೆ ಕೈ ಚಾಚಿ, "ಸಾಬ್, ಆಪ್ಕಾ ಛೋಟಾವಾಲಾ ದೇವ್, ಸ್ಕ್ರೂ ಕಸ್ನಾ ಹೈ" ಎಂದ.

ಕಾಕಾ ಡಬ್ಬಿ ತೆಗೆದುಕೊಟ್ಟು ನನ್ನ ಕಡೆ ಮೀಸೆ ತಿರುವಿದರು. "ನೋಡಿದೇನು?"

"ಮಷೀನು ನಮ್ದೇ ಆಯ್ತಲ್ರಿ, ಕೂಲಿ ಏನರ ಕಡಿಮಿ ಮಾಡ್ತಾನೇನು ಕೇಳ್ರಿ" ಎಂದರು ಕಾಕು.